ಕೂತ ಪಾದ, ನಿಂತ ಪಾದ

"ಅಲುಗಾಡಬೇಡ ಕಣೇ, ಮಸಿ ಹರಡಿಕೊಳ್ಳುತ್ತೆ" ಎಂದು ಗದರಿದ ಸೀಲಪ್ಪ, ಹೆಂಡತಿಯ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಹಾಸಿದ್ದ ಬಿಳಿ ಕಾಗದಕ್ಕೆ ಒತ್ತಿದ.

"ಕಚಗುಳಿ ಆಗುತ್ತೆ ರೀ. ಬೇಗ ಮುಗಿಸಿ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

"ಹಾಲು ಎಲ್ಲೂ ಓಡಿಹೋಗಲ್ಲ."

"ಹಾಲು ಓಡಿಹೋಗದೇ ಇನ್ನೇನು ಕೂತ್ಕೊಂಡು ಕಾಯುತ್ತಾ?"

ಅವಳು ಕೂತಿದ್ದದ್ದು ಗಂಡನ ಅಂಗಡಿಯ ಸ್ಟೂಲಿನ ಮೇಲೆ. ಅಂಗಡಿ ಎಂದರೆ ಬೀದಿಗೆ ಬಾಗಿಲು ತೆರೆದ ಮನೆಯ ಮುಂದಿನ ಕೋಣೆ, ಅಷ್ಟೇ. ರಬ್ಬರ್ ಸೀಲು ಮಾಡುವುದು ಅವನ ಕಸುಬು. ಆಫೀಸುಗಳ ಗುಂಡು ಸೀಲು, ಅಂಗಡಿಗಳ ಉದ್ದ ಸೀಲು, ಮಾಸ್ತರರು ಮಕ್ಕಳ ಪುಸ್ತಕದಲ್ಲಿ ಒತ್ತುವ ನಕ್ಷತ್ರದ ಸೀಲು. ಸೀಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಹೆಂಡತಿಗೂ ಹೆಸರು ಹೋಗಿ ಬಹಳ ಕಾಲವಾಗಿತ್ತು. ಬಟ್ಟೆ ಕಾರ್ಖಾನೆಯ ಕಟಿಂಗ್ ವಿಭಾಗಕ್ಕೆ ಕಾಲಿಟ್ಟ ಮೊದಲ ಹೆಂಗಸು ಅವಳು. ಮೊದಮೊದಲು ಮೂಗು ಮುರಿದಿದ್ದ ಗಂಡಸರೇ ಆಮೇಲೆ ಅವಳನ್ನು ಮಾಸ್ಟರಮ್ಮ ಎಂದು ಕರೆಯತೊಡಗಿದ್ದರು.

ಆ ಮಾಸ್ಟರಮ್ಮನ ಎಡಗಾಲು ಕೆಲವು ತಿಂಗಳಿಂದ ಕೈಕೊಟ್ಟಿತ್ತು. ಕಾಲಿನ ಒಳಮಗ್ಗುಲಿಗೆ, ಹಿಮ್ಮಡಿಗಿಂತ ಸ್ವಲ್ಪ ಮೇಲೆ, ಸಂಜೆಯಾದರೆ ಊತ, ನೋವು. ಪದರದ ಮೇಲೆ ಪದರ ಹಾಸಿದ ಬಟ್ಟೆಯನ್ನು ಕತ್ತರಿಸುವ ಯಂತ್ರ ತಳ್ಳುವಾಗ ಇಡೀ ಮೈಭಾರ ಎಡಗಾಲಿನ ಮೇಲೇ ಬೀಳುತ್ತದೆ. ಅಲ್ಲಿ ಅಲುಗದೆ ನಿಲ್ಲಬೇಕು. ಕಾಲು ಜರುಗಿದರೆ ಕೈ ಜರುಗುತ್ತದೆ, ಕೈ ಜರುಗಿದರೆ ಒಂದಲ್ಲ, ಅಷ್ಟೂ ಪದರದ ಅಂಗಿತೋಳುಗಳು ಕೆಡುತ್ತವೆ. ಹಾಗೊಂದು ಸಲ ಕೆಟ್ಟೂ ಇದ್ದವು. ಆ ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗೋಡೆಗೊರಗಿ ಕೂತುಬಿಟ್ಟಿದ್ದಳು.

ಆಸ್ಪತ್ರೆಗೆ ಹೋಗಿದ್ದಾಯಿತು, ಎಕ್ಸ್‌ರೇ ಆಯಿತು. ಎಲುಬೆಲ್ಲ ಸರಿಯಾಗಿದೆ, ಸ್ವಲ್ಪ ತೂಕ ಇಳಿಸಿ ಎಂದು ಡಾಕ್ಟರು ಮುಲಾಮು ಬರೆದುಕೊಟ್ಟರು. ಕಾರ್ಖಾನೆಯ ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಆದರೂ, "ಎಕ್ಸ್‌ರೇಯಲ್ಲಿ ಏನೂ ಇಲ್ಲವಂತಲ್ಲ ಮಾಸ್ಟರಮ್ಮ? ವಯಸ್ಸಾಯ್ತು ಅಂತ ಇಟ್ಕೊಳ್ಳಿ. ಮುಂದಿನ ತಿಂಗಳಿಂದ ಲೇಬಲ್ ನೋಡೋ ಕಡೆ ಕೂತ್ಬಿಡಿ, ಆರಾಮ" ಎಂದಿದ್ದ. ಅವನು ಉಪಕಾರವೆಂದೇ ಹೇಳಿದ್ದು. ಅವಳಿಗೆ ಮಾತ್ರ ಕೈಯಿಂದ ಯಂತ್ರವನ್ನು ಕಿತ್ತುಕೊಂಡು ಮೂಲೆಗೆ ಕೂರಿಸಿದ ಹಾಗಾಯಿತು. ಅದಕ್ಕಿಂತ ಹೆಚ್ಚು ಕೊರೆದದ್ದು ಇನ್ನೊಂದು ಯೋಚನೆ. ಎಲುಬು ಸರಿಯಿದ್ದರೆ ಈ ನೋವು ಎಲ್ಲಿಂದ ಬಂತು? ತನಗೇ ಕೆಲಸದ ಮೇಲಿನ ಮನಸ್ಸು ಹೊರಟುಹೋಗಿದೆಯೋ ಏನೋ. ಸೋಮಾರಿತನವೂ ನೋಯುತ್ತದೆಯೋ ಏನೋ.

ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಸೀಲಪ್ಪ ತಟ್ಟೆ ನೋಡುತ್ತಲೇ ಹೇಳಿದ್ದ: "ನಿನ್ನ ಎಡಗಾಲಿನ ಗುರುತು ಬದಲಾಗಿದೆ."

"ಯಾವ ಗುರುತು?"

"ಬಚ್ಚಲಿಂದ ಬರ್ತೀಯಲ್ಲ, ಒದ್ದೆ ಕಾಲಲ್ಲಿ. ಆ ಗುರುತು."

ಬಚ್ಚಲಿಂದ ಒಳಕೋಣೆಗೆ ಹೋಗಬೇಕಾದರೆ ಅಂಗಡಿಯನ್ನು ದಾಟಿಯೇ ಹೋಗಬೇಕು. ಅವಳು ಕಾಲು ಒರೆಸಿಕೊಳ್ಳದೆ ಬರುವುದು, ಕಾಗದ ಹಾಳಾಗುತ್ತದೆಂದು ಅವನು ಗೊಣಗುತ್ತ ಬಟ್ಟೆ ಹಿಡಿದು ನೆಲ ಒರೆಸುವುದು, ಮದುವೆಯಾದಾಗಿನಿಂದ ನಡೆದುಬಂದ ಜಗಳ. ಒರೆಸುವವನು ನೆಲ ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು. ಹೆಜ್ಜೆ ನೋಡುತ್ತಾನೆಂದು ಗೊತ್ತಿರಲಿಲ್ಲ.

"ಮುಂಚೆ ಎರಡೂ ಪಾದಕ್ಕೂ ಸೊಂಟ ಇತ್ತು" ಎಂದಿದ್ದ ಅವನು. "ಬೆರಳು, ಹಿಮ್ಮಡಿ, ನಡುವೆ ಸಣ್ಣ ಸೊಂಟ. ಈಗ ಎಡಗಾಲಿಗೆ ಸೊಂಟವೇ ಇಲ್ಲ. ಪೂರ್ತಿ ತುಂಬಿಕೊಂಡಿದೆ. ಸೀಲಲ್ಲೂ ಹಾಗೇ. ರಬ್ಬರಿನ ಹಿಂದಿರೋ ಮೆತ್ತೆ ಕುಸಿದರೆ, ಮಸಿ ಹತ್ತಬಾರದ ಜಾಗಕ್ಕೂ ಹತ್ತುತ್ತೆ."

"ನನ್ನ ಸೊಂಟ ನೋಡೋದು ಬಿಟ್ಟು ಪಾದದ ಸೊಂಟ ನೋಡ್ತಾ ಕೂತಿದ್ರಾ?" ಎಂದು ಅವಳು ನಕ್ಕು ಮಾತು ತೇಲಿಸಿದ್ದಳು. ಆದರೆ ಬೆಳಗಾಗುವಷ್ಟರಲ್ಲಿ ಅವನು ಮಸಿಯ ಉರುಳೆಯನ್ನೂ ಬಿಳಿ ಕಾಗದವನ್ನೂ ಸಿದ್ಧ ಮಾಡಿಕೊಂಡು ಸ್ಟೂಲು ತೋರಿಸಿದ್ದ.

ಈಗ ಅವನು ಪಾದವನ್ನು ಮೆಲ್ಲಗೆ ಎತ್ತಿ ಕಾಗದ ನೋಡಿದ. ಅವಳೂ ಬಗ್ಗಿ ನೋಡಿದಳು. ನೇರಳೆ ಬಣ್ಣದ ಐದು ಬೆರಳು, ಅಗಲವಾದ ಮುಂಗಾಲು, ಗುಂಡಗಿನ ಹಿಮ್ಮಡಿ. ನಡುವೆ ಕಾಗದ ಬೆಳ್ಳಗೆ ಉಳಿದಿತ್ತು. ಅಚ್ಚುಕಟ್ಟಾದ ಸೊಂಟ.

"ಇದೆಯಲ್ಲ ರೀ ಸೊಂಟ! ಸುಮ್ನೆ ನನ್ನ ಕಾಲಿಗೆ ಬಣ್ಣ ಬಳಿದಿರಿ."

ಸೀಲಪ್ಪನ ಮುಖ ಸಪ್ಪಗಾಯಿತು. "ನಾನು ನೋಡಿದ್ದು ಇದಲ್ಲ. ಆಣೆ ಮಾಡಿ ಹೇಳ್ತೀನಿ, ಇದಲ್ಲ."

ಅಷ್ಟರಲ್ಲಿ ಅಡುಗೆಮನೆಯಿಂದ ಚುರ್ ಎಂಬ ಸದ್ದು ಬಂತು. "ಹೋಯ್ತು ನನ್ನ ಹಾಲು!" ಎಂದವಳೇ ಮಾಸ್ಟರಮ್ಮ ದಡಕ್ಕನೆ ಎದ್ದಳು. ಎದ್ದವಳ ಎಡಗಾಲು ಕಾಗದದ ಇನ್ನೊಂದು ಮಗ್ಗುಲಿನ ಮೇಲೆ ಊರಿತು. ಇಡೀ ಭಾರ ಅದರ ಮೇಲೆ ಬಿತ್ತು. ಅಲ್ಲಿಂದ ಅಡುಗೆಮನೆಯವರೆಗೆ ನೇರಳೆ ಹೆಜ್ಜೆ ಮೂಡಿಸುತ್ತ ಕುಂಟಿಕೊಂಡೇ ಓಡಿದಳು. ಒಲೆ ಆರಿಸಿ, ಉಳಿದ ಹಾಲಿನ ಮುಖ ನೋಡಿ, ಬೈಯಲು ಬಾಯಿ ತೆರೆಯುತ್ತ ತಿರುಗಿದರೆ ಗಂಡ ಕಾಗದದ ಮುಂದೆ ಮೊಣಕಾಲೂರಿ ಕೂತೇ ಇದ್ದ. ಅವಳೂ ಹತ್ತಿರ ಬಂದು ಬಗ್ಗಿದಳು.

ಕಾಗದದಲ್ಲಿ ಎರಡು ಪಾದಗಳಿದ್ದವು, ಎರಡೂ ಅವಳ ಎಡಪಾದಗಳು. ಕೂತಾಗ ಒತ್ತಿದ್ದಕ್ಕೆ ಸೊಂಟವಿತ್ತು. ಎದ್ದು ನಿಂತಾಗ ಬಿದ್ದದ್ದು ಬೆರಳಿನಿಂದ ಹಿಮ್ಮಡಿಯವರೆಗೆ ಒಂದೇ ಸಮ ನೇರಳೆ, ಚಪ್ಪಟೆ ಹಲಗೆ.

"ಒಂದೇ ಕಾಲು" ಎಂದ ಸೀಲಪ್ಪ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಇನ್ನೊಂದು ಸಲ ಡಾಕ್ಟರ ಹತ್ರ ಹೋಗು. ಇದನ್ನ ತಗೊಂಡು ಹೋಗು."

"ಡಾಕ್ಟರು ನಗ್ತಾರೆ."

"ನಗಲಿ. ನಕ್ಕಾದ ಮೇಲೆ ನೋಡ್ತಾರಲ್ಲ."

ಡಾಕ್ಟರು ನಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, "ಇದೇನು ಬರೆದಿದೆ ಇಲ್ಲಿ? ಯಾವ ಲಿಪಿ?" ಎಂದರು.

ಎರಡು ಪಾದಗಳ ಕೆಳಗೂ ಸೀಲಪ್ಪ ಏನೋ ಬರೆದಿದ್ದ. ಅವಳು ಅದನ್ನು ಗಮನಿಸಿರಲಿಲ್ಲ. ಡಾಕ್ಟರು ಕಾಗದವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರು. ಆಗ ಹಿಂಬದಿಯಿಂದ ಅಕ್ಷರಗಳು ಸರಿಯಾಗಿ ಕಂಡವು. ಒಂದರ ಕೆಳಗೆ 'ಕೂತದ್ದು', ಇನ್ನೊಂದರ ಕೆಳಗೆ 'ನಿಂತದ್ದು'.

"ಉಲ್ಟಾ ಬರೆದಿದಾರಲ್ಲಮ್ಮ!"

"ಸೀಲು ಮಾಡೋರು ಸಾರ್. ಸೀಲಲ್ಲಿ ಅಕ್ಷರ ಹಿಂದುಮುಂದಾಗೇ ಇರ್ಬೇಕು. ಕೈಗೆ ಅದೇ ರೂಢಿ..." ಎಂದು ನಗಲು ಹೊರಟವಳು ಅಲ್ಲೇ ನಿಂತಳು. ಅವನು ಎಲ್ಲವನ್ನೂ ಹೀಗೆ ಬರೆಯುವವನಲ್ಲ. ಗಿರಾಕಿಗೆ ಬರೆದುಕೊಡುವ ಚೀಟಿ ನೆಟ್ಟಗೇ ಇರುತ್ತದೆ. ಮನಸ್ಸು ಕೈಯ ಮೇಲೆ ಇಲ್ಲದಾಗ ಮಾತ್ರ ಅವನ ಕೈ ತನ್ನ ಪಾಡಿಗೆ ತಾನು ಉಲ್ಟಾ ಬರೆಯುತ್ತದೆ. ಅವನ ತಾಯಿ ಕೊನೆಯ ಸಲ ಆಸ್ಪತ್ರೆ ಸೇರಿದ ವಾರ ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದ 'ರಜೆ' ಎಂಬ ಹಲಗೆಯೂ ಹೀಗೇ ಇತ್ತು. ಬೀದಿಯೆಲ್ಲ ನಕ್ಕಿತ್ತು. ಹಾಗಾದರೆ ಇವತ್ತು ಬೆಳಿಗ್ಗೆ ಅವನು ಹೆದರಿದ್ದ. ಗೊಣಗುತ್ತ, ಗದರುತ್ತ, ಒಳಗೊಳಗೇ ಹೆದರಿದ್ದ.

ಡಾಕ್ಟರು ಹಳೆಯ ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. "ಒಂದು ಮಾತು ಕೇಳ್ತೀನಿ. ಇದನ್ನ ತೆಗೆಯುವಾಗ ನೀವು ನಿಂತಿದ್ರಾ? ನಿಲ್ಲಿಸಿ ತೆಗೀಬೇಕು ಅಂತ ನಾನು ಬರೆದಿದ್ದೆ."

ಮಾಸ್ಟರಮ್ಮ ತಲೆ ತಗ್ಗಿಸಿದಳು. ಎಕ್ಸ್‌ರೇ ಕೋಣೆಯ ಹುಡುಗಿ ಅವತ್ತು ಮರದ ಮೆಟ್ಟಿಲು ತೋರಿಸಿ ಹತ್ತಿ ಎಂದಿದ್ದಳು. ಇಡೀ ದಿನ ನಿಂತು ಬಂದವಳು ಇವಳು; ಪಕ್ಕದಲ್ಲಿ ಉದ್ದನೆ ಮೇಜು ತಣ್ಣಗೆ ಖಾಲಿ ಬಿದ್ದಿತ್ತು. "ನಿಂತೂ ನಿಂತೂ ಸಾಕಾಗಿದೆ ಕಣಮ್ಮ, ಮಲಗಿಸಿಯೇ ತೆಗೆದುಬಿಡೇ" ಎಂದು ಬೇಡಿಕೊಂಡಿದ್ದಳು. ಹುಡುಗಿಯದು ಹೂವಿನಂಥ ಮನಸ್ಸು. ಮಲಗಿಸಿದಳು, ತಲೆಗೊಂದು ದಿಂಬನ್ನೂ ಕೊಟ್ಟಳು. ಅಲ್ಲಿ ಒಂದು ಗಳಿಗೆ ಕಣ್ಣು ಹತ್ತಿದ್ದೂ ನಿಜ.

"ನಾನೇ ಮಲಗಿಸು ಅಂದೆ ಸಾರ್. ಆ ಮಗೂನ ಬೈಬೇಡಿ."

"ಬೈಯೋದಾದ್ರೆ ಮೊದಲು ನನ್ನನ್ನ ಬೈಕೋಬೇಕು, ನಾನೂ ಕೇಳಲಿಲ್ಲವಲ್ಲ" ಎಂದರು ಡಾಕ್ಟರು. "ಮಲಗಿರೋ ಪಾದ ತುಂಬಾ ಒಳ್ಳೇ ಪಾದಮ್ಮ. ಅದರ ಮೇಲೆ ಭಾರವೇ ಇಲ್ಲವಲ್ಲ, ಯಾವ ತಪ್ಪೂ ತೋರಿಸಲ್ಲ. ನಡೀರಿ, ಇನ್ನೊಂದು ಸಲ ತೆಗೆಸೋಣ."

ಈ ಸಲ ಅವಳು ಮೆಟ್ಟಿಲು ಹತ್ತಿದಳು. ಅದೇ ಹುಡುಗಿ. ವಿಷಯ ತಿಳಿದು ಅವಳ ಮುಖ ಕೆಂಪಾಗಿತ್ತು. "ಆಂಟಿ, ಎಡಗಾಲ ಮೇಲೇ ಭಾರ ಹಾಕಿ. ನೋವಾಗುತ್ತೆ, ಗೊತ್ತು. ಆದ್ರೂ ಪೂರ್ತಿ ಹಾಕಿ" ಎಂದಳು. ಮಾಸ್ಟರಮ್ಮ ಗೋಡೆಗೆ ಬಿಗಿದಿದ್ದ ಕಬ್ಬಿಣದ ಹಿಡಿಯನ್ನು ಹಿಡಿದು, ಕತ್ತರಿಸುವ ಮೇಜಿನ ಮುಂದೆ ನಿಲ್ಲುವ ಹಾಗೆಯೇ ನಿಂತಳು. ನೋವು ಕಣಕಾಲಿನಿಂದ ಮೇಲಕ್ಕೆ ಹತ್ತಿತು. ಹತ್ತಲಿ ಎಂದುಕೊಂಡಳು. ಇಷ್ಟು ದಿನ ಬೇಡಬೇಡವೆಂದು ಮುಚ್ಚಿಟ್ಟುಕೊಂಡಿದ್ದ ನೋವನ್ನು, ಬಾ ಇಲ್ಲಿ, ಎಲ್ಲರಿಗೂ ಕಾಣಿಸಿಕೋ ಎಂದು ಕರೆದು ನಿಲ್ಲಿಸಿದ ಹಾಗಿತ್ತು.

ಎರಡು ಎಕ್ಸ್‌ರೇಗಳನ್ನೂ ಅಕ್ಕಪಕ್ಕ ಸಿಕ್ಕಿಸಿ ಡಾಕ್ಟರು ಪೆನ್ಸಿಲು ತೆಗೆದುಕೊಂಡರು. ಹಳೆಯದರಲ್ಲಿ ಕಣಕಾಲಿನ ಕೆಳಗಿನ ಎಲುಬಿನಿಂದ ಹೆಬ್ಬೆರಳಿನ ಎಲುಬಿನವರೆಗೆ ಎಳೆದ ಗೆರೆ ನೆಟ್ಟಗೆ ಹೋಯಿತು. ಹೊಸದರಲ್ಲಿ ಅದೇ ಗೆರೆ ನಡುವೆ ಜೋತುಬಿತ್ತು, ಬಟ್ಟೆ ಒಣಹಾಕಿದ ಹಗ್ಗದ ಹಾಗೆ.

"ನೋಡಿ, ಪಾದದ ಒಳಗಡೆ ಒಂದು ಕಮಾನಿರುತ್ತೆ. ಅದನ್ನ ಮೇಲಕ್ಕೆ ಹಿಡಿದಿರೋದಕ್ಕೆ ಕಣಕಾಲಿನ ಹಿಂದೆ ಹಗ್ಗದಂಥ ಒಂದು ಸ್ನಾಯು. ನಿಮ್ಮ ಹಗ್ಗ ಸವೆದಿದೆ. ಕಮಾನು ಕುಸೀತಾ ಇದೆ. ಚಪ್ಪಟೆ ಪಾದ ಅಂದಮಾತ್ರಕ್ಕೆ ರೋಗವಲ್ಲ. ನನ್ನದು ಹುಟ್ಟಿದಾಗಿನಿಂದ ರೊಟ್ಟಿ ತಟ್ಟಿದ ಹಾಗಿದೆ, ಒಂದು ದಿನವೂ ನೋವಿಲ್ಲ. ಆದರೆ ಇದ್ದ ಕಮಾನು ಇಲ್ಲದೇ ಹೋಗೋದು ಬೇರೆ. ನಿಮ್ಮ ನೋವು ಸುಳ್ಳಲ್ಲಮ್ಮ."

ಕಡೆಯ ಮಾತು ಕೇಳಿದ್ದೇ ತಡ, ಮಾಸ್ಟರಮ್ಮ ಅತ್ತುಬಿಟ್ಟಳು. ಮುಖ ಮುಚ್ಚಿಕೊಳ್ಳಲೂ ತೋಚದೆ ಮಗುವಿನ ಹಾಗೆ ಅತ್ತಳು. ಅತ್ತದ್ದು ದುಃಖಕ್ಕಲ್ಲ. ನೋವು ಸುಳ್ಳಲ್ಲ, ತಾನು ಸೋಮಾರಿಯಲ್ಲ, ಕೆಟ್ಟದ್ದು ಮನಸ್ಸಲ್ಲ, ಒಂದು ಹಗ್ಗ. ಎದುರಿಗೆ ಕೂತ ಈ ಮನುಷ್ಯನ ಮೇಲೆ, ಬಾಗಿಲಲ್ಲಿ ಇಣುಕುತ್ತಿದ್ದ ಆ ಹುಡುಗಿಯ ಮೇಲೆ, ಉಕ್ಕಿಹೋದ ಹಾಲಿನ ಮೇಲೂ ಅವಳಿಗೆ ಅಕ್ಕರೆ ಉಕ್ಕಿತು.

"ಕಾಯಿಲೆ ಇದೆ ಅಂದಿದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನ ನಾನು ನೋಡಿಲ್ಲ" ಎಂದು ಡಾಕ್ಟರು ನಕ್ಕರು. ಆಮೇಲೆ ಅವಳನ್ನು ಗೋಡೆಯ ಪಕ್ಕ ನಿಲ್ಲಿಸಿ, ಬಲಗಾಲನ್ನು ಮಡಚಿಸಿ, ಎಡಗಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಲು ಹೇಳಿದರು. ಅವಳು ಎತ್ತಿದಳು, ಎತ್ತಿದೆನೆಂದೇ ತಿಳಿದಳು. ಕೆಳಗೆ ನೋಡಿದರೆ ಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ. ಇನ್ನೊಮ್ಮೆ ಹಲ್ಲು ಕಚ್ಚಿ ಪ್ರಯತ್ನಿಸಿದಳು. ಅಂಟು ಹಾಕಿ ಕೂರಿಸಿದ ಹಾಗಿತ್ತು.

"ಸಾಕು. ಒಂದೂವರೆ ತಿಂಗಳು ಕಣಕಾಲು ಅಲುಗದ ಹಾಗೆ ಬೂಟು ಕಟ್ಟಿರ್ತೀವಿ, ನಿಲ್ಲೋ ಕೆಲಸ ಏನೂ ಬೇಡ. ಆಮೇಲೆ ಕಮಾನಿಗೆ ಆಸರೆ ಕೊಡೋ ಚಪ್ಪಲಿ, ವ್ಯಾಯಾಮ. ಅದಾದ ಮೇಲೆ ಬನ್ನಿ. ಅವತ್ತು ಈ ಹಿಮ್ಮಡಿ ತಾನಾಗಿ ಎದ್ದರೆ ನಿಮ್ಮ ಮೇಜಿಗೆ ಹೋಗಿ ಅಂತ ನಾನೇ ಬರೆದುಕೊಡ್ತೀನಿ. ಏಳಲಿಲ್ಲ ಅಂದ್ರೆ..." ಡಾಕ್ಟರು ಪೆನ್ಸಿಲನ್ನು ಕೆಳಗಿಟ್ಟರು. "ಅಂದ್ರೆ ಆಪರೇಷನ್ ಯೋಚಿಸಬೇಕಾಗುತ್ತೆ. ನಿಲ್ಲೋ ಕೆಲಸ ಬಿಡಬೇಕಾಗುತ್ತೆ."

ಮ್ಯಾನೇಜರನಿಗೆ ಅವಳೇ ಎರಡೂ ಎಕ್ಸ್‌ರೇ ತೋರಿಸಿದಳು. ಅವನು ಅವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, "ಜಾಗ ಎಲ್ಲೂ ಹೋಗಲ್ಲ ಮಾಸ್ಟರಮ್ಮ. ಡಾಕ್ಟರು ಸರಿ ಅಂದ ದಿನ ಬನ್ನಿ" ಎಂದ. ಕಟಿಂಗ್ ವಿಭಾಗದ ಗಂಡಸರು ಗೇಟಿನವರೆಗೂ ಬಂದು ಆಟೋ ಹತ್ತಿಸಿದರು. ಒಬ್ಬ, ಯಾವತ್ತೂ ಬಾಯಿ ಬಿಡದವನು, ಯಂತ್ರದ ಅಲಗನ್ನು ತಾನು ದಿನಾ ಮಸೆದಿಡುವುದಾಗಿ ಹೇಳಿದ.

ಮನೆಯಲ್ಲಿ ಮಾತ್ರ ಅವಳಿಗೆ ಕೂರುವುದು ಜೈಲಾಯಿತು. ಬೂಟಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅಂಗಡಿಯಲ್ಲೇ ಕೂತಿರುತ್ತಿದ್ದಳು. ಸೀಲಪ್ಪ ಒಳಗೆ ಅಡುಗೆ ಮಾಡುತ್ತ, ಹೊರಗೆ ಗಿರಾಕಿ ನೋಡುತ್ತ, ಎರಡೂ ಕಡೆ ಏನಾದರೊಂದು ಸೀಯಿಸುತ್ತಿದ್ದ. ಅನ್ನಕ್ಕೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಅವಳು ದೂರುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದಳು. ಅವನು ಸೀಲಿನ ರಬ್ಬರನ್ನು ಮರದ ಹಿಡಿಗೆ ಅಂಟಿಸುವುದನ್ನು, ಬೆಳಕಿಗೆ ಹಿಡಿದು ಒಂದೇ ಕಣ್ಣಲ್ಲಿ ಮಟ್ಟ ನೋಡುವುದನ್ನು ಅವಳು ಹೀಗೆ ಕೂತು ಹಿಂದೆಂದೂ ನೋಡಿರಲಿಲ್ಲ. ನೋಡಲು ಪುರುಸೊತ್ತೆಲ್ಲಿತ್ತು? ತನ್ನನ್ನೂ ಅವನು ಇಷ್ಟು ವರ್ಷ ಹೀಗೇ ನೋಡಿದ್ದಾನೆಂದು, ಗೊಣಗಾಟದ ಮರೆಯಲ್ಲಿ ನಿಂತು ನೋಡಿದ್ದಾನೆಂದು ಅವಳಿಗೆ ಈಗ ತಿಳಿದಿತ್ತು. ಅದನ್ನು ಹೇಗಾದರೂ ಹೇಳಬೇಕೆನಿಸುತ್ತಿತ್ತು. ಇಬ್ಬರ ನಡುವೆ ಅಂಥ ಮಾತಿನ ವಾಡಿಕೆ ಇರಲಿಲ್ಲ. ಕೊನೆಗೊಂದು ಮಧ್ಯಾಹ್ನ ಅವನು ಮಜ್ಜಿಗೆಯ ಲೋಟ ಕೈಗಿಟ್ಟಾಗ ತಡೆಯಲಾರದೆ ಅಂದಳು:

"ನೀವು ನೋಡದೇ ಇದ್ದಿದ್ರೆ ನಾನು ಈಗ ಲೇಬಲ್ ಎಣಿಸ್ತಾ, ನನ್ನನ್ನೇ ಬೈಕೊಳ್ತಾ ಕೂತಿರ್ತಿದ್ದೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು ರೀ."

ಸೀಲಪ್ಪ ಬೆಚ್ಚಿಬಿದ್ದವನಂತೆ ನೋಡಿದ. "ಜ್ವರ ಗಿರ ಬಂದಿದೆಯಾ?" ಎಂದು ಹಣೆ ಮುಟ್ಟಿ, ಕೈಯಲ್ಲಿದ್ದ ಮಸಿಯನ್ನೆಲ್ಲ ಹಚ್ಚಿ, ಒಳಗೆ ಹೋದ. ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಂದು ಪಾತ್ರೆಯ ಸದ್ದೂ ಇರಲಿಲ್ಲ.

ಬೂಟು ಬಿಚ್ಚಿದರು. ಹೊಸ ಚಪ್ಪಲಿ ಬಂತು. ರಬ್ಬರಿನ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ಒಳಕ್ಕೆ ಎಳೆಯುವುದು, ಎರಡೂ ಹಿಮ್ಮಡಿ ಒಟ್ಟಿಗೆ ಎತ್ತಿ ಇಳಿಸುವುದು, ಹೇಳಿದ್ದನ್ನೆಲ್ಲ ಅವಳು ಚಾಚೂ ತಪ್ಪದೆ ಮಾಡಿದಳು. ನೋವು ಇಳಿಯಿತು, ಊತ ಹೋಯಿತು. ಎಡಗಾಲೊಂದರ ಮೇಲೆ ನಿಂತರೆ ಮಾತ್ರ ಹಿಮ್ಮಡಿ ಏಳದು. ಗಂಡ ಮಗ್ಗುಲಲ್ಲಿ ಇಲ್ಲದಾಗ ಬಾಗಿಲ ಚೌಕಟ್ಟು ಹಿಡಿದು ಪ್ರಯತ್ನಿಸುವಳು, ಏಳದು. ಬಟ್ಟೆ ಮಡಚುತ್ತ ಪ್ರಯತ್ನಿಸುವಳು, ಏಳದು. ಅವಳು ಗಂಡನಿಗೆ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆಸ್ಪತ್ರೆಗೆ ಹೋಗಬೇಕಾದ ದಿನ ಹತ್ತಿರವಾದ ಹಾಗೆಲ್ಲ ಇಬ್ಬರ ಮಾತೂ ಕಡಿಮೆಯಾಯಿತು.

ಹೋಗಬೇಕಾದ ದಿನದ ಬೆಳಿಗ್ಗೆ ಸೀಲಪ್ಪ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ಬಂದು ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಒಂದು ಕಡೆ ಸರಿಸಿದ.

"ಇಲ್ಲಿ ಎರಡು ಬೆರಳಿಟ್ಕೊಂಡು ನಿಂತ್ಕೋ. ನಾನು ನೋಡ್ತೀನಿ."

"ಬೇಡ ರೀ. ಅಲ್ಲೇ ನೋಡಿದ್ರಾಯ್ತು."

"ಅಲ್ಲಿ ಡಾಕ್ಟರು ನೋಡಲಿ. ಮೊದಲು ನಾನು ನೋಡ್ಬೇಕು."

ಅವಳು ಬರಿಗಾಲಲ್ಲಿ ನಿಂತಳು. ಬಲಗಾಲು ಮಡಚಿದಳು. ಸೀಲಪ್ಪ ಮೊದಲು ಮೊಣಕಾಲೂರಿದ. ಆಮೇಲೆ ಅದೂ ಸಾಲದೆಂದು ನೆಲಕ್ಕೆ ಉದ್ದುದ್ದ ಮಲಗಿ, ಒಂದು ಕೆನ್ನೆಯನ್ನು ತಣ್ಣನೆ ನೆಲಕ್ಕೆ ಒತ್ತಿ, ಅವಳ ಹಿಮ್ಮಡಿಯ ಹತ್ತಿರ ಒಂದೇ ಕಣ್ಣು ತೆರೆದು ನೋಡಿದ. "ಹ್ಞೂಂ, ಎತ್ತು."

ಅವಳು ಉಸಿರು ಬಿಗಿಹಿಡಿದು ಎತ್ತಿದಳು. ತೊಡೆ ನಡುಗಿತು, ಕಣಕಾಲಿನ ಹಿಂದೆ ಏನೋ ಬಿಗಿಯಿತು, ಹೆಬ್ಬೆರಳು ನೆಲವನ್ನು ಕಚ್ಚಿತು. ಅಷ್ಟೇ. ಏನೂ ಆಗಲಿಲ್ಲವೆಂದು ಅವಳಿಗೆ ಗೊತ್ತಾಯಿತು.

"ಎದ್ದಿದೆ" ಎಂದ ಅವನು ಕೆಳಗಿನಿಂದ.

"ಸಮಾಧಾನ ಹೇಳ್ಬೇಡಿ ರೀ. ನನ್ನ ಕಾಲು ನನಗೆ ಗೊತ್ತಾಗಲ್ವಾ?"

"ಎದ್ದಿದೆ ಕಣೇ."

"ಸುಳ್ಳು."

ಅವನು ಕೆನ್ನೆಯನ್ನು ನೆಲದಿಂದ ಎತ್ತದೆ, ಕೈಯೊಂದನ್ನೇ ಮೇಲಕ್ಕೆ ಚಾಚಿ ಮೇಜಿನ ಅಂಚಿನಲ್ಲಿ ತಡಕಾಡಿ, ಸಿಕ್ಕಿದ ತೆಳು ಹಾಳೆಯೊಂದನ್ನು ಎಳೆದುಕೊಂಡ. ಅದರ ತುದಿಯನ್ನು ಅವಳ ಹಿಮ್ಮಡಿಯ ಒಂದು ಮಗ್ಗುಲಿಗೆ ತಂದು ಮೆಲ್ಲಗೆ ತಳ್ಳಿದ. ಅವಳು ಬಗ್ಗಿ ನೋಡುತ್ತಿದ್ದಳು. ಹಾಳೆ ಎಲ್ಲೂ ತಡೆಯಲಿಲ್ಲ. ಹಿಮ್ಮಡಿಯ ಕೆಳಗೆ ನುಸುಳಿ ಮರೆಯಾಗಿ, ಇನ್ನೊಂದು ಮಗ್ಗುಲಲ್ಲಿ ಅದರ ಬಿಳಿ ಅಂಚು ಹೊರಗೆ ಬಂತು.

ಹೊರಗೆ ಗಿರಾಕಿಯೊಬ್ಬ ಬಾಗಿಲು ತಟ್ಟಿ, "ಯಾರಿದ್ದೀರಿ ಒಳಗೆ?" ಎಂದು ಕೂಗಿದ. ಸೀಲಪ್ಪ ಏಳಲಿಲ್ಲ. ಹಾಳೆಯನ್ನು ಆ ಕಡೆಯಿಂದ ಹಿಡಿದು ಪೂರ್ತಿ ಎಳೆದುಕೊಂಡು, ಮತ್ತೆ ಈ ಕಡೆಯಿಂದ ತಳ್ಳಿದ. ಅವಳು ಮೇಜಿನ ಅಂಚನ್ನು ಎರಡೇ ಬೆರಳಿನಿಂದ ಹಿಡಿದು, ನಡುಗುವ ಕಾಲನ್ನು ನಡುಗಲು ಬಿಟ್ಟು, ಅವನ ನೆತ್ತಿಯ ನರೆತ ಕೂದಲನ್ನು ನೋಡುತ್ತ ನಿಂತೇ ಇದ್ದಳು.